ಮೂರನೇ ಬಾಣಲೆಯ ಕಿತ್ತಳೆ ಕೋಳಿ

ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಹೆಂಡತಿಯನ್ನು ಕೇಳಿದ್ದೇ ವೆಂಡೆಲ್ ಲೂಯಿ ಮಾಡಿದ ತಪ್ಪು.

"ಏನೂ ಬೇಡ ಬಿಡು. ಅಪ್ಪ ಮಾಡ್ತಿದ್ದ ಕಿತ್ತಳೆ ಕೋಳಿ ಇನ್ನೊಂದ್ಸಲ ತಿನ್ನೋಕಾಗತ್ತಾ?" ಎಂದು ನಿಟ್ಟುಸಿರು ಬಿಟ್ಟು ಡಾರ್ಲೀನ್ ಕೆಲಸಕ್ಕೆ ಹೊರಟಳು.

ಅವಳಪ್ಪ ಇದೇ ಸ್ಟಾಕ್‌ಟನ್ ಊರಿನಲ್ಲಿ ಜೀವಮಾನವೆಲ್ಲ ಚೀನೀ ಹೋಟೆಲು ನಡೆಸಿದವರು. ಕಿತ್ತಳೆ ಪಾಕ ಹೊದ್ದ ಅವರ ಕೋಳಿತುಂಡು ಕಚ್ಚಿದರೆ ಕರುಂ ಎಂದದ್ದು ಪಕ್ಕದ ಮೇಜಿಗೂ ಕೇಳುತ್ತಿತ್ತು. ಅವರು ತೀರಿಕೊಂಡ ಮೇಲೆ ಡಾರ್ಲೀನಳ ಅಣ್ಣ ಅವಳನ್ನು ಒಂದು ಮಾತೂ ಕೇಳದೆ ಹೋಟೆಲನ್ನು ಅಡುಗೆಯವರ ಸಮೇತ ಮಾರಿಬಿಟ್ಟ. "ಆ ಬಾಗಿಲಿಂದ ಒಂದಗುಳು ನಮ್ಮನೆಗೆ ಬಂದ್ರೂ ನಾನು ಮನೆ ಬಿಟ್ಟು ಹೋಗ್ತೀನಿ" ಎಂದು ಅವಳು ಅಂದೇ ಆಣೆಯಿಟ್ಟಿದ್ದಳು.

ವೆಂಡೆಲ್ ಸಿಟಿ ಬಸ್ಸಿನ ಡ್ರೈವರು. ಒಲೆಯ ಮೇಲೆ ಚಹಾ ಬಿಟ್ಟು ಬೇರೇನನ್ನೂ ಇಟ್ಟವನಲ್ಲ. ಆದರೂ ಆ ದಿನ ರಜೆ ಹಾಕಿ, ಕೋಳಿತೊಡೆ, ಕಿತ್ತಳೆ, ಶುಂಠಿ ಎಲ್ಲ ಹೊತ್ತು ತಂದ.

ಮೇಲಿನ ಮನೆಯ ಗೋಕ್ ಹಿಂದೆ ಹೋಟೆಲುಗಳಲ್ಲಿ ಬಾಣಲೆ ಹಿಡಿದ ಮುದುಕ. ವಾಸನೆ ಹಿಡಿದು ಇಳಿದುಬಂದ.

"ಎರಡು ಸಲ ಕರೀಬೇಕು ಕಣೋ. ಒಂದ್ಸಲ ಬೇಯೋಕೆ, ಇನ್ನೊಂದ್ಸಲ ಗರಿಯಾಗೋಕೆ. ಕಾರ್ನ್‌ಫ್ಲೋರ್ ಎಲ್ಲಿ?"

"ಹಚ್ಚಿ ಆಯ್ತಲ್ಲ, ಅಂಕಲ್!"

ಹಚ್ಚಿದ್ದು ಪುಡಿಸಕ್ಕರೆ. ಎಣ್ಣೆಗೆ ಬಿದ್ದದ್ದೇ ತಡ, ತುಂಡುಗಳು ಕಮ್ಮಾರನ ಕುಲುಮೆಯ ಇದ್ದಿಲಿನಂತಾದವು. ಚಾವಣಿಯ ಹೊಗೆಗಂಟೆ ಬಾಯಿ ಬಡಿದುಕೊಂಡಿತು. "ಇದು ನಿನ್ನ ಕೈಲಾಗೋ ಕೆಲ್ಸ ಅಲ್ಲ, ಹೋಗಿ ಬಸ್ ಓಡ್ಸು" ಎಂದು ಗೋಕ್ ಕೆಮ್ಮುತ್ತ ಮಹಜಾಂಗ್ ಬಿಲ್ಲೆಯಾಟ ಆಡಲು ನಡೆದ.

ಗಂಟೆಯ ಸದ್ದಿಗೆ ಎದುರುಮನೆಯ ಒಫೀಲಿಯಾ ಒದ್ದೆ ಟವೆಲು ಬೀಸುತ್ತ ನುಗ್ಗಿದಳು. "ಮನೆ ಸುಟ್ಕೋತೀಯಾ? ಯಾಕಪ್ಪಾ ಈ ಹುಚ್ಚು?"

"ಇವತ್ತು ಅವಳ ಹುಟ್ಟುಹಬ್ಬ ಅಕ್ಕಾ. ಅವಳಪ್ಪ ಮಾಡ್ತಿದ್ದ ಕಿತ್ತಳೆ ಕೋಳಿ ಬೇಕಂತೆ. ನಾನು ಬಿಡೋದಿಲ್ಲ."

ಎರಡನೆಯ ಸಲ ಹಿಟ್ಟು ಸರಿಯಾಯಿತು, ಬಣ್ಣವೂ ಬಂತು. ಆದರೆ ಪಾಕ ಕುದಿಯುವ ಮೊದಲೇ ತುಂಡುಗಳನ್ನು ಅದರಲ್ಲಿ ಮುಳುಗಿಸಿಬಿಟ್ಟ. ಎಲ್ಲವೂ ಮಳೆಯಲ್ಲಿ ನೆನೆದ ಚಪ್ಪಲಿಯಂತಾದವು. ಒಂದು ತುಂಡು ಬಾಯಿಗಿಟ್ಟ ಒಫೀಲಿಯಾ ಅದನ್ನು ಮೆಲ್ಲಗೆ ಕೈಗೆ ಉಗಿದು, "ಚೆನ್ನಾಗಿದೆ" ಎಂದು ಹೇಳಿ ಹೊರಟೇಬಿಟ್ಟಳು.

ವೆಂಡೆಲ್ ಮತ್ತೆ ಅಂಗಡಿಗೆ ಓಡಿದ. ಈ ಸಲ ಹಲ್ಲು ಕಚ್ಚಿ, ಮೊದಲು ಹದವಾಗಿ ಕರಿದ, ಆರಲು ಬಿಟ್ಟ, ಉರಿ ಏರಿಸಿ ಮತ್ತೆ ಕರಿದ. ಕಿತ್ತಳೆ ರಸ, ಸಿಪ್ಪೆ, ವಿನೆಗರ್, ಸಕ್ಕರೆ, ಸೋಯಾ ಸಾಸ್, ಒಣಮೆಣಸು ಸೇರಿ ಅಂಟುಪಾಕವಾಗುವವರೆಗೆ ಸೌಟನ್ನು ಸ್ಟೀರಿಂಗಿನಂತೆ ಬಿಗಿಹಿಡಿದು ತಿರುವಿದ. ಕೊನೆಗೆ ತುಂಡುಗಳನ್ನು ಹಾಕಿ ಒಮ್ಮೆ ಹೊರಳಿಸಿದ. ಅವು ಫಳಫಳ ಹೊಳೆದವು. ಒಂದನ್ನು ಕಚ್ಚಿದ. ಕರುಂ!

ಸಂಜೆ ಡಾರ್ಲೀನ್ ಬಂದು, ಏನೂ ಕೇಳದೆ, ತಟ್ಟೆಯಿಂದ ಒಂದು ತುಂಡು ಬಾಯಿಗಿಟ್ಟಳು. ಕಣ್ಣು ತುಂಬಿ ಬಂತು.

"ಅಪ್ಪನ ಕೈರುಚಿ! ವೆಂಡೆಲ್, ಇದು ಅಪ್ಪಂದೇ!"

ವೆಂಡೆಲನ ಎದೆ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಒಫೀಲಿಯಾ ಒಂದು ಡಬ್ಬ ಹಿಡಿದು ನಿಂತಿದ್ದಳು.

"ತಡ ಆಯ್ತು ಡಾರ್ಲೀನ್. ಪಾಪ, ನಿನ್ನ ಗಂಡಂದು ಎರಡೂ ಸಲ ಕೆಟ್ಟುಹೋಯ್ತು. ಹುಟ್ಟುಹಬ್ಬದ ದಿನ ಬರಿಗೈ ಆಗ್ಬಾರ್ದು ಅಂತ ನಾನೇ ತರಿಸ್ದೆ."

ಡಬ್ಬದ ಮೇಲೆ ಡಾರ್ಲೀನಳ ಅಪ್ಪನ ಹಳೆಯ ಹೋಟೆಲಿನ ಮುದ್ರೆ. ಅವಳು ಮುಚ್ಚಳ ತೆಗೆದು ಅದರದೊಂದು ತುಂಡು ಕಚ್ಚಿದಳು. ತಟ್ಟೆಯದೊಂದು ಕಚ್ಚಿದಳು. ಗಂಡನತ್ತ ತಿರುಗಿದಳು.

"ಎರಡೂ ಒಂದೇ. ಇದನ್ನೂ ಅಲ್ಲಿಂದಲೇ ತರಿಸಿದ್ದಾ?"

"ದೇವರಾಣೆ ನಾನೇ ಮಾಡಿದ್ದು!"

"ಸುಳ್ಳ್ಯಾಕಪ್ಪಾ?" ಒಫೀಲಿಯಾ ಕನಿಕರದಿಂದ ಹೇಳಿದಳು. "ನೀನು ಮಾಡಿದ್ದು ನಾನು ತಿಂದಿಲ್ವಾ? ಬೈಬೇಡ ಡಾರ್ಲೀನ್, ಪ್ರೀತಿಯಿಂದ ತರಿಸಿದಾನೆ."

"ನೋಡು, ಈಗಲೇ ಮಾಡಿ ತೋರಿಸ್ತೀನಿ!" ಎಂದು ವೆಂಡೆಲ್ ಉಳಿದಿದ್ದ ಕೋಳಿಯನ್ನು ಬಾಣಲೆಗೆ ಸುರಿದ. ಇಬ್ಬರು ಹೆಂಗಸರು ಕಣ್ಣು ಮಿಟುಕಿಸದೆ ನೋಡುತ್ತಿದ್ದರೆ ಉರಿಯ ಹದ ಯಾರಿಗೆ ತಾನೇ ನೆನಪಿರುತ್ತದೆ? ಹೊಗೆಗಂಟೆ ಮತ್ತೆ ಬೊಬ್ಬೆ ಹಾಕಿತು.

ಡಾರ್ಲೀನ್ ಕಿಟಕಿ ತೆರೆದು, ತಟ್ಟೆಯಲ್ಲಿದ್ದ ಕೊನೆಯ ತುಂಡನ್ನೂ ಬಿಡದೆ ತಿಂದು, ಬೆರಳು ನೆಕ್ಕಿದಳು.

"ಆಣೆ ಹಾಳಾಗ್ಲಿ. ಆ ಹೋಟೆಲಿನವರು ಅಪ್ಪನ ಹದ ಕೆಡಿಸಿಲ್ಲ, ನಾನೇ ಸುಮ್ನೆ ಅವರನ್ನ ಬೈಕೊಂಡಿದ್ದೆ. ಇನ್ಮೇಲೆ ಪ್ರತಿ ವಾರ ಅಲ್ಲಿಂದಲೇ ತರಿಸೋಣ. ನೀನು ಮಾತ್ರ ಅಡುಗೆಮನೆ ಕಡೆ ತಲೆ ಹಾಕ್ಬೇಡ."

ವೆಂಡೆಲ್ ಅಂಗಿಯ ತೋಳು ಮೇಲೇರಿಸಿದ. ಬಾಣಲೆಯ ಕರಿಯನ್ನು ಉಜ್ಜಿ ಉಜ್ಜಿ ತೆಗೆದು, ಅದನ್ನು ಮತ್ತೆ ಒಲೆಯ ಮೇಲಿಟ್ಟ.