ಕೋರಂ ಉಳಿಸಿದ ಅಂಬಿಗ

'ಮಾನ್ಯ ಅಧ್ಯಕ್ಷರೇ' ಎಂದು ಶುರುಮಾಡಬೇಕೋ, ನೇರವಾಗಿ ದೋಣಿಗೇ ಬರಬೇಕೋ? ಮೊದಲೇ ದೋಣಿಗೆ ಬಂದರೆ ಒರಟ ಅಂದುಕೊಂಡಾರು. ಮರ್ಯಾದೆಯಲ್ಲೇ ಹೊತ್ತು ಕಳೆದರೆ ದೋಣಿ ದಡದಲ್ಲೇ ಉಳಿದೀತು. ಸಾಕ್ಷಿಯ ಕುರ್ಚಿಯಲ್ಲಿ ಕೂತ ಜೇಗೋ ಟ್ರೆವಾನ್ ಬಾಯಿಪಾಠವನ್ನು ಮತ್ತೊಮ್ಮೆ ಒಳಗೇ ತಿರುವಿಹಾಕಿದ. ಕಾರ್ನ್‌ವಾಲ್‌ನ ಅವನ ಊರಿಗೂ ಆಚೆ ದಡದ ಆಸ್ಪತ್ರೆಗೂ ನಡುವೆ ಇದ್ದದ್ದು ಅವನ ದೋಣಿಯೊಂದೇ. ಸರ್ಕಾರದ ನೆರವು ನಿಂತರೆ ಅದೂ ನಿಂತಂತೆ. ನಿಲ್ಲಿಸಬೇಡಿ ಎಂದು ಸಂಸತ್ತಿನ ಸಮಿತಿಗೆ ಹೇಳಿ ಬಾ ಎಂದು ಊರು ಅವನನ್ನು ಲಂಡನ್ನಿಗೆ ಕಳಿಸಿತ್ತು. ಕಾವಲಿಗೆ ಅಂಚೆ ಕಚೇರಿಯ ಮೇವಿಸ್‌ಳನ್ನೂ.

"ನೆಟ್ಟಗೆ ಕೂತ್ಕೊಳೋ," ಹಿಂದಿನ ಸಾಲಿನಿಂದ ಮೇವಿಸ್ ಪಿಸುಗುಟ್ಟಿದಳು. "ಒಳ್ಳೆ ಒದ್ದೆ ಹಗ್ಗದ ಥರ ಇದೀಯ."

"ಹೇಳಿ, ಟ್ರೆವಾನ್ ಅವರೇ," ಎಂದರು ಅಧ್ಯಕ್ಷ ಬ್ರೇಸ್‌ವೆಲ್.

ಜೇಗೋ ಬಾಯಿ ತೆರೆದ. ಗಂಟೆ ಬಡಿಯಿತು. ಸದನದಲ್ಲಿ ಮತದಾನ! ನರಿ ನುಗ್ಗಿದ ಕೋಳಿಗೂಡಿನಂತೆ ಸದಸ್ಯರೆಲ್ಲ ಎದ್ದು ಓಡಿದರು. ಏದುಸಿರು ಬಿಡುತ್ತ ಮರಳಿದರು. ಜೇಗೋ ಮತ್ತೆ ಬಾಯಿ ತೆರೆದ. ಮತ್ತೆ ಗಂಟೆ. ಅವರು ಬರುವಷ್ಟರಲ್ಲಿ ಕೋಣೆ ಬೇರೊಂದು ಸಮಿತಿಯ ಪಾಲಾಗಿತ್ತು. ಇವರನ್ನು ಮೇಲಿನ ಮಹಡಿಗೆ ಅಟ್ಟಿದರು. ಅಲ್ಲಿ ಕೋರಂ ಇಲ್ಲ, ಸಭೆ ನಡೆಸಲು ಒಂದು ತಲೆ ಕಡಿಮೆ. ಒಬ್ಬ ಸದಸ್ಯ ಚಹಾ ಕುಡಿಯಲು ಜಾರಿಕೊಂಡಿದ್ದ.

"ನಾನು ಕಿವಿ ಹಿಡಿದು ಎಳ್ಕೊಂಡ್ ಬರ್ತೀನಿ," ಎಂದು ಮೇವಿಸ್ ಹೊರಟಳು.

ಅವಳು ಮರೆಯಾದದ್ದೇ ತಡ, ಮೂರನೆಯ ಗಂಟೆ. ಈ ಸಲ ಕೋಲು ಹಿಡಿದಿದ್ದ ಮುದುಕಿ, ಸದಸ್ಯೆ ಹಾರ್ಕ್‌ನೆಸ್, ಕುರ್ಚಿ ಬಿಟ್ಟೇಳಲಿಲ್ಲ. "ನನ್ ಕೈಲಾಗಲ್ಲಪ್ಪ. ಮಂಡಿ ಕೇಳ್ತಿಲ್ಲ."

"ಓಟು ತಪ್ಪಿಸಿದ್ರೆ ಸಚೇತಕರು ನಿಮ್ಮನ್ನ ಸಮಿತಿಯಿಂದಾನೇ ಕಿತ್ತಾಕ್ತಾರೆ," ಅಧ್ಯಕ್ಷರು ಓಡುತ್ತಲೇ ಕೂಗಿದರು. "ಆಮೇಲೆ ಕೋರಂ ಎಲ್ಲಿಂದ ತರ್ಲಿ?"

ಕೋರಂ ಇಲ್ಲದಿದ್ದರೆ ತನ್ನ ಮಾತೂ ಇಲ್ಲ! ಜೇಗೋ ಎದ್ದು ತೋಳು ಕೊಟ್ಟ. "ಬನ್ನಿ ಅಮ್ಮಾ. ಬಿರುಗಾಳೀಲೇ ಅಜ್ಜಿಯರನ್ನ ದೋಣಿ ಹತ್ತಿಸಿದೋನು ನಾನು."

"ಪುಣ್ಯಾತ್ಮ! ನಿನ್ ದೋಣಿ ಉಳೀಲೇಬೇಕು ಕಣಯ್ಯಾ."

"ಈಗಿನ ಓಟು ಯಾತಕ್ಕಮ್ಮಾ?"

"ಯಾರಿಗ್ಗೊತ್ತು? ಹೌದು ಅನ್ನೋರು ನುಗ್ಗೋಕೊಂದು ಬಾಗಿಲು, ಇಲ್ಲ ಅನ್ನೋರಿಗೊಂದು. ಪಕ್ಷ ಯಾವ ಬಾಗಿಲು ತೋರಿಸತ್ತೋ, ಆ ಬಾಗಿಲು."

ಕಾರಿಡಾರಿನ ಕೊನೆಯಲ್ಲಿ ದ್ವಾರಪಾಲಕ ಆ ಬಾಗಿಲನ್ನು ಮುಚ್ಚುತ್ತಿದ್ದ. ಜೇಗೋ ಸಂದಿಗೆ ತನ್ನ ಬೂಟು ತೂರಿಸಿದ. "ಒಂದ್ನಿಮಿಷ ಸ್ವಾಮಿ, ಹಿರೀ ಜೀವ!"

"ಏಯ್, ಹೊರಗಿನವರು ಕಾಲಿಡಂಗಿಲ್ಲ ಇಲ್ಲಿ!"

"ನಂದು ಬೂಟಷ್ಟೇ."

ಮುದುಕಿ ಒಳಗೆ ನುಸುಳಿದಳು. ಜೇಗೋ ಗೆದ್ದವನಂತೆ ಬಂದು ಕುರ್ಚಿಯಲ್ಲಿ ಕೂತ. ಸದಸ್ಯರು ಬಂದರು, ಮೇವಿಸ್ ಕೂಡ ಚಹಾಕ್ಕೆ ಜಾರಿದ್ದ ಸದಸ್ಯನೊಂದಿಗೆ ಬಂದಳು. ಕೋರಂ ತುಂಬಿತು. ಜೇಗೋ ಬಾಯಿ ತೆರೆದ.

ಅಧ್ಯಕ್ಷರು ಕೈ ಎತ್ತಿ ತಡೆದರು. "ಕ್ಷಮಿಸಿ, ಟ್ರೆವಾನ್. ನಿಮ್ಮ ಮಾತು ಕೇಳಿದ ಮೇಲೆ, ಮುಂದಿನ ವಾರ ಬರಬೇಕಿದ್ದ ಮಸೂದೆ ಒಂದಿತ್ತು. ಸದನದ ವೇಳಾಪಟ್ಟಿ ಬದಲಾಗಿ ಇವತ್ತೇ ಬಂದ್ಬಿಡ್ತು. ಈ ಮೂರನೇ ಗಂಟೆಯ ಓಟಲ್ಲೇ ಪಾಸಾಯ್ತು. ಸಣ್ಣ ದೋಣಿಗಳ ನೆರವು ರದ್ದು. ಒಂದೇ ಓಟಿನ ಅಂತರ."

ಹಾರ್ಕ್‌ನೆಸ್ ತನ್ನ ಕೋಲನ್ನೇ ನೋಡುತ್ತ ಕೂತಳು.

ಊರಿಗೆ ಮರಳುವ ರೈಲಿನಲ್ಲಿ ಮೇವಿಸ್ ಸುಮ್ಮನಾಗಲೇ ಇಲ್ಲ. "ಒಂದೇ ಓಟಂತೆ! ಅದನ್ನ ಹಾಕಿದೋರ ಕಾಲು ಸೇದ್ಹೋಗ. ಬಾಗಿಲು ಮುಚ್ಚೋಕ್ ಮುಂಚೆ ಹೆಂಗ್ ಮುಟ್ಟಿದ್ರೋ ಏನೋ!"

ಆ ಬಾಗಿಲಿಗೆ ಬೂಟು ಕೊಟ್ಟವನು ತಾನೇ ಎಂದು ಜೇಗೋ ಅವಳಿಗಾಗಲಿ ಊರಿಗಾಗಲಿ ಎಂದೂ ಹೇಳಲಿಲ್ಲ.