ಬಾರದ ಕಾಗದವೂ ಸೈಕಲ್ ಕಡ್ಡಿಯೂ

ಮನುಷ್ಯ ಹೋಗುತ್ತಾನೆ, ಅವನು ಬರೆದದ್ದು ಉಳಿಯುತ್ತದೆ. ಉಳಿಯುವುದೇನೋ ಸರಿ, ಎಲ್ಲಿ ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಂಜನಗೂಡಿನ ನನ್ನ ಸೋದರಮಾವನ ಮನೆಯಲ್ಲಿ ಅದು ಅಟ್ಟದ ಮೇಲೆ ಎರಡು ಗೋಣಿಚೀಲ ಮತ್ತು ಒಂದು ತಗಡಿನ ಪೆಟ್ಟಿಗೆಯಲ್ಲಿ ಉಳಿದಿತ್ತು. ಜಾಗ ಸಾಲದೆ ಮಿಕ್ಕದ್ದು ಅತ್ತೆಯ ಹಪ್ಪಳದ ಡಬ್ಬಕ್ಕೂ ನುಗ್ಗಿತ್ತು.

ನನ್ನ ಮಾವ ಒಂದು ಯಂತ್ರವನ್ನು ಕಂಡುಹಿಡಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಯಂತ್ರವೆಂದರೆ ಸೈಕಲ್ ಚಕ್ರದ ಒಂದು ಕಡ್ಡಿ, ಅಷ್ಟೆ. ಆದರೆ ಅದರ ಉದ್ದೇಶ ಕೇಳಿ. ಬಂದ ಕಾಗದವನ್ನು ಹುಡುಕಿ ತೆಗೆಯುವ ಉಪಾಯವನ್ನು ಯಾರು ಬೇಕಾದರೂ ಮಾಡಿಯಾರು. ಮಾವ ಮಾಡಿದ್ದು, ಒಂದು ಕಾಗದ ಬಂದೇ ಇಲ್ಲ ಎಂದು ಸಾಬೀತು ಮಾಡುವುದಕ್ಕೆ!

ಸಂಗತಿ ಹೀಗೆ. ಎಪ್ಪತ್ತರ ದಶಕದ ಒಂದು ಕಾರ್ತಿಕ ಮಾಸದಲ್ಲಿ ನಮ್ಮಜ್ಜಿ, ಅಂದರೆ ಮಾವನ ತಾಯಿ, ಸಂಗಮದ ಸ್ನಾನಕ್ಕೆಂದು ಟಿ. ನರಸೀಪುರದ ನಮ್ಮ ಮನೆಗೆ ಬಂದಳು. ಬಂದವಳು ಮಗಳ ಮನೆಯಲ್ಲೇ ಹಾಸಿಗೆ ಹಿಡಿದಳು. ಮಗ ಬಂದದ್ದು ಸಾವಿನ ತಂತಿ ತಲುಪಿದ ಮೇಲೆ. "ಅಮ್ಮ ಕೇಳ್ತಿದಾಳೆ, ಬಾ ಅಂತ ಕಾಗದ ಬರೆದಿದ್ದೆ, ಬರಲಿಲ್ಲ ನೀನು" ಎಂದಳು ನಮ್ಮಮ್ಮ. "ನಿನ್ನ ಕಾಗದ ಬರಲೇ ಇಲ್ಲ" ಎಂದರು ಮಾವ. ಹದಿಮೂರನೆಯ ದಿನ ಊಟ ಮುಗಿಸಿ ಎದ್ದ ಅಣ್ಣ ತಂಗಿ ಒಂಬತ್ತು ವರ್ಷ ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲ.

ಅಜ್ಜಿ ಹೋದ ಮರುವರ್ಷ ನನಗೆ ನಂಜನಗೂಡಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಊಟ, ವಾಸ ಮಾವನ ಮನೆಯಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ನರಸೀಪುರಕ್ಕೆ. ಎರಡು ರಾಷ್ಟ್ರಗಳ ನಡುವೆ ರಾಯಭಾರಿ ಇರುತ್ತಾನಲ್ಲ, ಅವನಿಗೆ ಸಂಬಳವಾದರೂ ಇರುತ್ತದೆ!

"ನಿಮ್ಮ ಮಾವನಿಗೆ ಹೇಳು, ನಾನು ಸುಳ್ಳು ಹೇಳೋಳಲ್ಲ."

"ನಿಮ್ಮಮ್ಮನಿಗೆ ಹೇಳಪ್ಪ, ನನ್ನ ಮನೇಲಿ ಕಾಗದ ಕಳೆದುಹೋಗೋದಿಲ್ಲ."

ಎರಡನೆಯದೂ ಸುಳ್ಳಲ್ಲ. ಮಾವ ತಾಲ್ಲೂಕು ಕಚೇರಿಯ ದಫ್ತರದ ಗುಮಾಸ್ತರಾಗಿದ್ದವರು. ಯಾವ ಹಳ್ಳಿಯ ಯಾವ ಪಹಣಿ ಯಾವ ಕಟ್ಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವರು. ಹುಟ್ಟಿದಾಗಿನಿಂದ ಬಂದ ಒಂದು ಕಾಗದವನ್ನೂ ಹರಿದವರಲ್ಲ. ಅಂಥವರಿಗೆ "ನಿನಗೆ ಕಾಗದ ಬಂದಿತ್ತು" ಎಂದರೆ ಅದು ತಾಯಿಯ ವಿಷಯ ಮಾತ್ರವಲ್ಲ, ಇಡೀ ದಫ್ತರದ ಮಾನದ ವಿಷಯ. ನಿವೃತ್ತಿಯಾದ ಮರುದಿನವೇ ಚೀಲ ಬಿಚ್ಚಿದರು.

ಉಪಾಯದ ಮೂಲ ಮೈಸೂರಿನ ಯಾವುದೋ ಲೈಬ್ರರಿಯಲ್ಲಿ ಅವರು ಕಂಡ ಒಂದು ಪೆಟ್ಟಿಗೆ. ಒಂದೊಂದು ಕಾಗದಕ್ಕೂ ಒಂದೊಂದು ಕಾರ್ಡು. ಕಾರ್ಡಿನ ಸುತ್ತ ಸಾಲಾಗಿ ತೂತುಗಳು. ಒಂದು ತೂತು ಭಾವನದು, ಅಂದರೆ ನಮ್ಮಪ್ಪನದು, ಒಂದು ತಂಗಿಯದು, ಒಂದು ಮದುವೆಯದು, ಒಂದು ಕಾಯಿಲೆಯದು, ಹನ್ನೆರಡು ತೂತು ತಿಂಗಳುಗಳದು, ಹೀಗೆ. ಕಾಗದ ಭಾವ ಬರೆದದ್ದಾದರೆ ಭಾವನ ತೂತನ್ನು ಕತ್ತರಿಯಿಂದ ಅಂಚಿನವರೆಗೆ ಸೀಳಿಬಿಡುವುದು. ಆಮೇಲೆ ಕಾರ್ಡುಗಳನ್ನು ಜೋಡಿಸಿ ಆ ತೂತಿಗೆ ಕಡ್ಡಿ ತೂರಿಸಿ ಎತ್ತಿದರೆ, ಸೀಳಿದ ಕಾರ್ಡುಗಳೆಲ್ಲ ಕೆಳಗೆ ಬೀಳುತ್ತವೆ, ಮಿಕ್ಕವು ಕಡ್ಡಿಯಲ್ಲೇ ನೇತಾಡುತ್ತವೆ. ಬಿದ್ದದ್ದೇ ಬೇಕಾದದ್ದು.

ಕಡ್ಡಿ ತಾಂಡವಪುರದ ಸೈಕಲ್ ಶಾಪಿನಿಂದ ಬಂತು. ತೂತು ಹಾಕಲು ಪರಿಚಯದ ಬಸ್ ಕಂಡಕ್ಟರನ ಟಿಕೆಟ್ ಪಂಚು. ಕಾರ್ಡುಗಳಿಗೆ ಮನೆಯಲ್ಲಿ ಕೂಡಿಬಿದ್ದಿದ್ದ ಲಗ್ನಪತ್ರಿಕೆಗಳೇ ಬಲಿಯಾದವು. ಹೀಗಾಗಿ ಯಾರದೋ ಮೂಲವ್ಯಾಧಿಯ ವಿವರದ ಬೆನ್ನಿಗೆ ಚಿನ್ನದ ಅಕ್ಷರದಲ್ಲಿ ಇನ್ಯಾರದೋ ಶುಭವಿವಾಹವಿರುತ್ತಿತ್ತು.

ಮೊದಲನೆಯ ಪರೀಕ್ಷೆ ನನ್ನ ಎದುರಿಗೇ ನಡೆಯಿತು. ಮಾವ ಶಸ್ತ್ರಚಿಕಿತ್ಸೆ ಮಾಡುವವರಂತೆ ತೋಳು ಮಡಚಿ 'ಕ್ಷೇಮ' ಎಂಬ ತೂತಿಗೆ ಕಡ್ಡಿ ಹಾಕಿ ಎತ್ತಿದರು. ಇದ್ದಬದ್ದ ಕಾರ್ಡೆಲ್ಲ ದಬದಬನೆ ನೆಲಕ್ಕೆ ಬಿದ್ದವು! ಬೀಳದೆ ಏನಾದಾವು? ನಮ್ಮ ಜನ ಮನೆಗೆ ಬೆಂಕಿ ಬಿದ್ದರೂ "ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂದು ಬರೆದ ಮೇಲಲ್ಲವೆ ಬೆಂಕಿಯ ವಿಷಯಕ್ಕೆ ಬರುವುದು?

ಅತ್ತೆ ಪೊರಕೆ ಹಿಡಿದು ಬಂದರು. "ಗುಡಿಸಿ ಹಾಕ್ಲೇನ್ರೀ?"

"ಮುಟ್ಟಬೇಡ!"

ಅಂದಿನಿಂದ ಕ್ಷೇಮದ ತೂತು ರದ್ದಾಯಿತು. ಕಾಗದದಲ್ಲಿ ಕುಶಲೋಪರಿಯನ್ನು ಬಿಟ್ಟು ಮುಖ್ಯ ವಿಷಯವನ್ನಷ್ಟೇ ನೋಡತಕ್ಕದ್ದು ಎಂದು ಮಾವ ತಮಗೆ ತಾವೇ ಆದೇಶ ಹೊರಡಿಸಿಕೊಂಡರು.

ಎರಡನೆಯ ಪರೀಕ್ಷೆ ದೇವನೂರಿನ ಒಬ್ಬ ರೈತನದು. ಕಾಗದ ಓದಿಸಿಕೊಳ್ಳುವುದಕ್ಕೆ ಮಾವನಲ್ಲಿಗೆ ಬರುತ್ತಿದ್ದವನು. "ಸಾ, ನಮ್ ಅಳೀಮಯ್ಯನ ಕಾಗ್ದ ಒಸಿ ತಗೀರಿ ಸಾ" ಎಂದ. ಮಾವ ಹಿಗ್ಗಿಹೋಗಿ 'ಅಳಿಯ'ನ ತೂತಿಗೆ ಕಡ್ಡಿ ಹಾಕಿದರು. ನಲವತ್ತು ಅಳಿಯಂದಿರು ಬಿದ್ದರು. 'ಬೇಸಾಯ' ಹಾಕಿದರು, ಒಂಬತ್ತು ಬಿದ್ದರು. 'ಜಗಳ' ಹಾಕಿದರು, ಒಂಬತ್ತೂ ಬಿದ್ದರು.

ರೈತ ತಲೆ ಕೆರೆದುಕೊಂಡು ಹೇಳಿದ: "ಅಲ್ಲಾ ಸಾ, ಅದು ನಿಮ್ ಜೇಬಲ್ಲೇ ಐತಲ್ಲ. ಈಗ್ತಾನೆ ಓದಿ ಅಂತ ಕೊಡ್ಲಿಲ್ವಾ?"

ಇಷ್ಟಕ್ಕೆಲ್ಲ ಎದೆಗುಂದುವ ಪೈಕಿಯಲ್ಲ ಮಾವ. ಎರಡು ವರ್ಷ ಕೂತು ಸಾವಿರದ ಚಿಲ್ಲರೆ ಕಾಗದಗಳಿಗೂ ಕಾರ್ಡು ಮಾಡಿ ಮುಗಿಸಿದರು. ಅಜ್ಜಿ ತೀರಿಕೊಂಡ ವರ್ಷದ ಕಾರ್ಡುಗಳನ್ನು ತೆಗೆದು ಆ ತಿಂಗಳಿಗೆ ಕಡ್ಡಿ ಹಾಕಿದರು, ಕೆಲವು ಬಿದ್ದವು. ಆ ಕೆಲವಕ್ಕೆ 'ತಂಗಿ'ಯ ತೂತಿನಲ್ಲಿ ಕಡ್ಡಿ ಹಾಕಿ ಎತ್ತಿದರು. ಒಂದೂ ಬೀಳಲಿಲ್ಲ. ಕಡ್ಡಿಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಕಡೆ ನೋಡಿದರು. "ನೋಡಿದೆಯಾ? ಸಾಕ್ಷಿ ನೀನೇ."

ಸಾಕ್ಷಿಯಷ್ಟೇ ಸಾಕೆ? ತಂಗಿ ತಾನೇ ಬಂದು, ಯಾರ ಸಹಾಯವೂ ಇಲ್ಲದೆ, ಕೈಯಾರೆ ಹುಡುಕಿ ನೋಡಲಿ ಎಂದು ಕೈಪಿಡಿಯೊಂದನ್ನು ಬರೆದರು. ಮೂರು ಸಲ ತಿದ್ದಿ ಬರೆದರು. ಅದನ್ನು ನಾನು ಬಸ್ಸಿನಲ್ಲಿ ಒಯ್ದು ಅಮ್ಮನಿಗೆ ಓದಿ ಹೇಳಿದೆ.

"ಕಲಂ ಒಂದು: ಕಡ್ಡಿಯನ್ನು ಬಲಗೈಯಲ್ಲಿ ಹಿಡಿಯತಕ್ಕದ್ದು. ಎಡಚರು ಮನ್ನಿಸತಕ್ಕದ್ದು. ಕಲಂ ಎರಡು: ಫ್ಯಾನು ಆರಿಸತಕ್ಕದ್ದು. ಕಲಂ ಐದು: ಕಾರ್ಡು ಬಿದ್ದರೆ ಎತ್ತಿಕೊಳ್ಳತಕ್ಕದ್ದು. ಬೀಳದಿದ್ದಲ್ಲಿ ಅಂಥ ಕಾಗದ ಈ ಮನೆಗೆ ಬಂದಿಲ್ಲವೆಂದು ತಿಳಿಯತಕ್ಕದ್ದು. ಈ ಬಗ್ಗೆ ವಾದಕ್ಕೆ ಅವಕಾಶವಿಲ್ಲ."

ಅಮ್ಮ ಅವರೆಕಾಳು ಹಿಚುಕುತ್ತಾ ಪೂರ್ತಿ ಕೇಳಿದಳು. "ಅವಕಾಶ ಇಲ್ವಂತೋ? ಬರ್ತೀನಿ ಅಂತ ಹೇಳು."

ಭಾನುವಾರ ಬಂದಳು. ಒಂಬತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದಳು. ಅಣ್ಣ ತಂಗಿಯ ನಡುವೆ ಮೂರು ಅಡಿ ದೂರ, ಅಷ್ಟರಲ್ಲೂ ನಾನೇ ರಾಯಭಾರಿ.

"ಕಡ್ಡಿ ಕೊಡೋಕೆ ಹೇಳೋ."

"ಮೊದಲು ತಿಂಗಳು ಆರಿಸಬೇಕು ಅಂತ ಹೇಳಪ್ಪ. ಕಲಂ ಮೂರು."

ಅಮ್ಮನಿಗೆ ಕಲಂ ಮೂರೂ ಗೊತ್ತಿಲ್ಲ, ಮೂವತ್ತೂ ಗೊತ್ತಿಲ್ಲ. "ನನ್ನ ತೂತು ಯಾವುದು ಅಂತ ಕೇಳು" ಎಂದಳು. ಮಾವ ಬೆರಳಿಟ್ಟು ತೋರಿಸಿದರು. ಅವಳು ತಿಂಗಳು ವರ್ಷ ಒಂದನ್ನೂ ನೋಡದೆ ಮೊದಲನೆಯ ಕಟ್ಟಿಗೆ ಕಡ್ಡಿ ತೂರಿಸಿ ಎತ್ತಿದಳು. ಒಂದೂ ಬೀಳಲಿಲ್ಲ. ಎರಡನೆಯ ಕಟ್ಟು. ಬೀಳಲಿಲ್ಲ. ಮೂರು, ನಾಲ್ಕು. ಹನ್ನೆರಡು ಕಟ್ಟುಗಳೂ ಮುಗಿದವು. ನೆಲದ ಮೇಲೆ ಒಂದು ಕಾರ್ಡೂ ಇರಲಿಲ್ಲ.

ಅಮ್ಮ ಕಡ್ಡಿಯನ್ನು ಕೆಳಗಿಟ್ಟಳು. ನನ್ನ ಕಡೆ ತಿರುಗದೆ ನೇರ ಅಣ್ಣನನ್ನೇ ಕೇಳಿದಳು:

"ಮದುವೆಯಾಗಿ ಹೋದಾಗಿನಿಂದ ನಾನು ನಿನಗೆ ಒಂದು ಕಾಗದಾನೂ ಬರೆದಿಲ್ವೇನೋ ಅಣ್ಣ?"

ಮಾವ ಕೈಪಿಡಿಯ ಹಾಳೆ ತಿರುವಿದರು. "ಬರೆದಿದ್ದೀಯಾ?" ಎಂದರು ಮೆಲ್ಲಗೆ.

"ಪ್ರತಿ ಸಲವೂ ಬರೆದಿದ್ದೀನಿ!"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಲ್ಲಿ ಕೈಯೊರೆಸಿಕೊಂಡು ಹೇಳಿದರು: "ಅಂಚಿನಲ್ಲಿ ನೋಡ್ರೀ. ಭಾವನೋರ ಕಾಗದದ ಅಂಚಿನಲ್ಲಿ. ನಮಗೆಲ್ಲ ಬರೆಯೋಕೆ ಕೊಡೋ ಜಾಗ ಇನ್ನೆಲ್ಲಿ? ನಿಮ್ಮ ಕಾಗದದಲ್ಲಿ ನಾನೂ ಅಲ್ಲೇ ಬರೆಯೋದು."

ನಮ್ಮಪ್ಪ ಇನ್‌ಲ್ಯಾಂಡ್ ಪತ್ರ ಬರೆದು ಮುಗಿಸಿ, ಅಂಟಿಸುವ ಮುಂಚೆ "ನಿಂದೇನಾದ್ರೂ ಇದ್ರೆ ಬರಿ" ಎಂದು ಅಮ್ಮನ ಕಡೆ ನೂಕುತ್ತಿದ್ದುದು ನನಗೆ ಗೊತ್ತೇ ಇತ್ತು. ಉಳಿದಿರುತ್ತಿದ್ದುದು ಬೆರಳಗಲದ ಅಂಚು. ಅವಳು ಕಾಗದವನ್ನು ಅಡ್ಡ ತಿರುಗಿಸಿ, ಇರುವೆಯಂಥ ಅಕ್ಷರದಲ್ಲಿ ಬರೆಯುತ್ತಿದ್ದಳು. ಅವಳಿಗೆ ಅದೇ 'ನನ್ನ ಕಾಗದ'. ಮಾವನಿಗೆ ಅದು ಭಾವನ ಕಾಗದ, ಅಂಚಿನದು ಓದದಿದ್ದರೂ ನಡೆಯುವ ಕುಶಲೋಪರಿ. ಒಂಬತ್ತು ವರ್ಷ ಇಬ್ಬರೂ ನಿಜವನ್ನೇ ಹೇಳಿದ್ದರು. ಆ ನಿಜಗಳನ್ನು ಅತ್ತಿಂದಿತ್ತ ಹೊತ್ತು ತಿರುಗಿದ ನಾನು, ವಿದ್ಯಾವಂತ, ಮೇಷ್ಟ್ರು, "ಯಾವ ಕಾಗದದಲ್ಲಿ ಬರೆದಿದ್ದೆ?" ಎಂದು ಒಂದು ಸಲವಾದರೂ ಕೇಳಿರಲಿಲ್ಲ.

ಮಾವ ತಾವೇ ಕಡ್ಡಿ ತೆಗೆದುಕೊಂಡರು. ಆ ವರ್ಷ, ಆ ತಿಂಗಳು, ಆಮೇಲೆ ಭಾವ. ಒಂದೇ ಕಾರ್ಡು ಬಿತ್ತು. ವಿಷಯ: ಎಮ್ಮೆ. ಚೀಲದಿಂದ ಕಾಗದ ತೆಗೆದರು. ಮೇಲೆ ಅಪ್ಪನ ದುಂಡಕ್ಷರ: "ನಾವೆಲ್ಲರೂ ಕ್ಷೇಮ." ಅದರ ಕೆಳಗೆ ಎಮ್ಮೆಯ ಹಲ್ಲು, ಎಮ್ಮೆಯ ಹಾಲು, ನಾಲೆಗೆ ಇನ್ನೂ ನೀರು ಬಿಡದ ಸುದ್ದಿ. ಮಾವ ಕಾಗದವನ್ನು ಅಡ್ಡ ತಿರುಗಿಸಿದರು.

"ಅಣ್ಣ, ಅಮ್ಮನಿಗೆ ನಾಲ್ಕು ದಿನದಿಂದ ಬರೀ ಗಂಜಿ. ಬಾಗಿಲು ಸದ್ದಾದರೆ ನೀನು ಬಂದೆ ಅಂತಾಳೆ. ಇದು ಕಂಡ ಕೂಡಲೇ ಹೊರಟು ಬಾ."

ಓದಿದರು. ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಮತ್ತೆ ಓದಿದರು. ಅಮ್ಮ ಎದ್ದು, "ಬಸ್ಸಿಗೆ ಹೊತ್ತಾಯ್ತು" ಎಂದಳು. ಅತ್ತೆ ಕುಂಕುಮ ಕೊಟ್ಟರು. ಮಾವ ಕೂತೇ ಇದ್ದರು.

ಮರುದಿನದಿಂದ ಅಪ್ಪನ ಕಾಗದಗಳನ್ನೆಲ್ಲ ಹೊರಗೆ ಹಾಕಿ ಒಂದೊಂದನ್ನೂ ಅಡ್ಡ ತಿರುಗಿಸಿ ಓದಿದರು. ಕೈಪಿಡಿಗೆ ಹೊಸ ಕಲಂ ಸೇರಿತು: "ಕಾಗದವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಓದತಕ್ಕದ್ದು." ಅರವತ್ತಮೂರು ಕಾಗದಗಳ ಅಂಚಿನಲ್ಲಿ ಅಮ್ಮ ಸಿಕ್ಕಿದಳು. ಅಜ್ಜಿ ಹೋದ ಮೇಲೆ ಅವಳು ಬರೆದಿರಲಿಲ್ಲ. ಎಮ್ಮೆಯ ಕಾಗದವೇ ಕೊನೆಯದು.

ಮುಂದಿನ ವಾರ ನರಸೀಪುರದ ಅಂಚೆಯವನು ಒಂದು ಕಾರ್ಡು ಹಿಡಿದು ನಮ್ಮ ಬಾಗಿಲಲ್ಲಿ ನಿಂತು, "ಇದ್ಯಾರು ಸಾ, ನಿಮ್ಮನೇಲಿ ಈ ಎಸ್ರಿನೋರು?" ಎಂದು ಅಪ್ಪನನ್ನು ಕೇಳಿದನಂತೆ. ವಿಳಾಸದಲ್ಲಿ ಅಮ್ಮನ ಹೆಸರಿತ್ತು. ಆ ಹೆಸರಿಗೆ ಅದುವರೆಗೆ ಒಂದು ಕಾಗದವೂ ಬಂದದ್ದಿಲ್ಲ.

"ಚಿರಂಜೀವಿ ತಂಗಿಗೆ ಆಶೀರ್ವಾದ. ನಿನ್ನ ಎಮ್ಮೆ ಹೆಣ್ಣು ಕರು ಹಾಕಿದ ವಿಷಯ ತಿಳಿದು ಸಂತೋಷವಾಯಿತು."

"ಆ ಕರು ಮುದಿ ಎಮ್ಮೆಯಾಗಿ ಸತ್ತೇ ಹೋಯ್ತಲ್ಲೋ!" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಕಾರ್ಡನ್ನು ಮಾತ್ರ ಕೆಳಗಿಡಲಿಲ್ಲ.

ದಿನಕ್ಕೊಂದು ಬಂತು, ಹಳೆಯದರಿಂದ ಶುರುಮಾಡಿ ಕ್ರಮವಾಗಿ. "ನಿನ್ನ ಮಗನಿಗೆ ಹಲ್ಲು ಬರುತ್ತಿರುವುದು ತಿಳಿಯಿತು." ಆ ಮಗ ನಾನು. "ನೀನು ಕೇಳಿದ ಗೊಜ್ಜಿನ ಪುಡಿಯ ಅಳತೆ ನಿಮ್ಮತ್ತಿಗೆಯನ್ನು ಕೇಳಿ ಬರೆದಿದ್ದೇನೆ, ತಡವಾದುದಕ್ಕೆ ಬೇಸರಿಸಬೇಡ." ತಡವೆಂದರೆ ಹದಿನೇಳು ವರ್ಷ. ಅಮ್ಮ ಆ ಅಳತೆಯಲ್ಲೇ ಪುಡಿ ಕುಟ್ಟಿದಳು.

ಹೀಗೆ ಅರವತ್ತೆರಡು ಕಾರ್ಡುಗಳು ಬಂದವು. ಅರವತ್ತಮೂರನೆಯ ಆ ಕೊನೆಯ ಕಾಗದಕ್ಕೆ ಮಾವ ಉತ್ತರ ಬರೆಯಲಿಲ್ಲ. ಬೆಳಗಿನ ಬಸ್ಸಿಗೆ ನರಸೀಪುರಕ್ಕೆ ಬಂದರು.