ಕೊನೇ ಸ್ಟಾಪಿನ ತಿಂಡಿ ಸವಾರಿ

ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಗುಮಾಸ್ತನಿಗೆ ಇಪ್ಪತ್ತು ವರ್ಷದಿಂದ ಒಂದೇ ಕೊರಗು. ಊರಿನ ಮುನ್ನೂರು ಬಸ್ಸುಗಳು ಅವನ ಪೆನ್ನಿನ ಅಪ್ಪಣೆಯಿಲ್ಲದೆ ಚಕ್ರ ತಿರುಗಿಸುವುದಿಲ್ಲ. ಮನೆಯಲ್ಲಿ ಮಾತ್ರ ಅವನು ಹೇಳಿದರೆ ಹಾಲಿನ ಪಾತ್ರೆಯೂ ಕದಲುವುದಿಲ್ಲ. ಪ್ರವಾಸವೋ ಸಿನಿಮಾವೋ, ಏರ್ಪಾಟೆಲ್ಲ ಅವನ ಷಡ್ಡಕನದು, ಅಂದರೆ ಹೆಂಡತಿಯ ಅಕ್ಕನ ಗಂಡನದು. ಆ ಮಹಾನುಭಾವ ಮಂಚ-ಕುರ್ಚಿಗಳ ವ್ಯಾಪಾರಿ. "ಏರ್ಪಾಟು ಅಂದ್ರೆ ಭಾವನದು!" ಎಂದು ಹೆಂಡತಿ ಉದ್ಗರಿಸಿದಾಗಲೆಲ್ಲ ಗುಮಾಸ್ತನ ಹೊಟ್ಟೆ ಉರಿದುಹೋಗುತ್ತಿತ್ತು. ಸಾಯುವುದರೊಳಗೆ ಆ ಮಾತನ್ನು ಒಮ್ಮೆ ತನ್ನ ಹೆಸರಿನಲ್ಲಿ ಹೇಳಿಸಿಕೊಳ್ಳಬೇಕೆಂಬುದೇ ಅವನ ಪರಮ ಗುರಿ.

ಡಿಪೋದ ಡ್ರೈವರುಗಳ ಬಾಯಿಂದ ಅವನಿಗೊಂದು ರಹಸ್ಯ ಸಿಕ್ಕಿತ್ತು. ಊರಾಚೆ, ಬಸ್ಸು ವಾಪಸು ತಿರುಗುವ ಕೊನೇ ಸ್ಟಾಪಿನ ಬಡಾವಣೆಯಲ್ಲಿ ಒಂದೇ ಬೀದಿಗೆ ಐದು ಅಂಗಡಿ. ಸೂಪು, ಕರಿದ ಮೀನು, ಮೊಟ್ಟೆ ಬ್ರೆಡ್ಡು, ಸುಟ್ಟ ಜೋಳ, ಐಸ್‌ಕ್ರೀಮು. ಎಲ್ಲವೂ ಬೆರಳು ಚೀಪುವಂಥವು.

"ಭಾನುವಾರ ಎಲ್ಲರೂ ಹೋಗೋಣ. ಒಂದೊಂದು ಅಂಗಡಿಯಲ್ಲೂ ಸ್ವಲ್ಪ ತಿನ್ನೋದು, ಮುಂದಕ್ಕೆ ನಡೆಯೋದು. ಏರ್ಪಾಟು ನಂದು," ಎಂದು ಘೋಷಿಸಿದ.

"ನಿಮ್ದಾ?" ಎಂದಳು ಹೆಂಡತಿ, ಕುಕ್ಕರಿನ ಮುಚ್ಚಳ ಹಿಡಿದುಕೊಂಡೇ. "ಹೋದ ಸಲ ಏರ್ಪಾಟು ಮಾಡಿ ನಮ್ಮಮ್ಮನ್ನ ತಪ್ಪು ಬಸ್ಸು ಹತ್ತಿಸಿದ್ರಲ್ಲ!"

"ಬಸ್ಸು ಸರಿಯಾಗೇ ಇತ್ತು ಕಣೇ. ನಿಮ್ಮಮ್ಮ ಹತ್ತಿದ್ದು ತಪ್ಪು."

"ಮಾತಿಗೇನು ಕಮ್ಮಿ ಇಲ್ಲ. ನೋಡೋಣ, ಇದೊಂದು ಸಲ."

ಹೊಸ ಮಾರ್ಗದಲ್ಲಿ ಬಸ್ಸು ಬಿಡುವ ಮೊದಲು ಪ್ರಯಾಣಿಕರ ಭಾರಕ್ಕೆ ಬದಲಾಗಿ ಮರಳು ಮೂಟೆ ಹೇರಿ ಓಡಿಸಿ ನೋಡುವುದು ಅವನ ಡಿಪೋದ ಪದ್ಧತಿ. ಖಾಲಿ ಬಸ್ಸಿನ ಓಟ ನಂಬಿ ವೇಳಾಪಟ್ಟಿ ಬರೆದವನು ಕೆಟ್ಟ. ಆದ್ದರಿಂದ ಶನಿವಾರ ಮಧ್ಯಾಹ್ನ, "ಆಫೀಸಿನಲ್ಲಿ ತುರ್ತು ಕೆಲಸ" ಎಂದು ಮನೆಯಲ್ಲಿ ಸುಳ್ಳು ಹೇಳಿ, ಅವನು ಪರೀಕ್ಷೆಗೆ ಹೊರಟ. ಹೋಗುವವರು ಐದು ಜನ: ತಾನು, ಹೆಂಡತಿ, ಅತ್ತೆ, ನಾದಿನಿ... ಅಲ್ಲಲ್ಲ, ಹೆಂಡತಿಯ ಅಕ್ಕ, ಮತ್ತು ಆ ಷಡ್ಡಕ. (ಅಕ್ಕನನ್ನು ಏನೆಂದು ಕರೆಯಬೇಕೆಂಬುದು ಅವನಿಗೆ ಇಪ್ಪತ್ತು ವರ್ಷದಲ್ಲಿ ಇತ್ಯರ್ಥವಾಗಿಲ್ಲ.) ಐದು ಜನರ ಭಾರ ಬೇಕಲ್ಲ? ಪ್ರತಿ ಅಂಗಡಿಯಲ್ಲೂ ಐದೈದು ಪ್ಲೇಟು ತರಿಸಿದ. ಒಂದನ್ನು ಹೆಂಡತಿಯ ಹಾಗೆ ಊದಿ ಊದಿ ತಿಂದ, ಒಂದನ್ನು ಷಡ್ಡಕನ ಹಾಗೆ ಗಬಗಬ ನುಂಗಿದ, ಒಂದನ್ನು ಅತ್ತೆಯ ಹಾಗೆ ತುತ್ತಿಗೆ ಮೂವತ್ತೆರಡು ಸಲ ಅಗಿದ. ಎಲ್ಲಕ್ಕೂ ಗಡಿಯಾರ ನೋಡಿ ನಿಮಿಷ ಬರೆದುಕೊಂಡ. (ಐದು ಜನ ಒಟ್ಟಿಗೇ ತಿನ್ನುತ್ತಾರೆ, ಒಬ್ಬರಾದ ಮೇಲೊಬ್ಬರಲ್ಲ ಎಂಬ ಸತ್ಯ ಅವನಿಗೆ ಹೊಳೆದದ್ದು ನಾಲ್ಕನೇ ಅಂಗಡಿಯಲ್ಲಿ. ಆದರೆ ಅರ್ಧಕ್ಕೆ ಬಿಟ್ಟ ಪರೀಕ್ಷೆಯನ್ನು ಯಾವ ಡಿಪೋ ಒಪ್ಪುತ್ತದೆ?)

ಐದನೇ ಬಟ್ಟಲಿಗೆ ಕೈ ಹಾಕಿದಾಗ ಸೂಪಿನ ಅಂಗಡಿಯ ಹೆಂಗಸು ಮರುಕದಿಂದ ಕೇಳಿದ್ದಳು: "ಮನೇಲಿ ಊಟ ಹಾಕಲ್ವೇನಣ್ಣ?" ಅವನು ಆಗ ಅತ್ತೆಯ ಪಾತ್ರದಲ್ಲಿದ್ದ. ಅಗಿಯುವ ಎಣಿಕೆ ತಪ್ಪಬಾರದೆಂದು ಹೌದೆಂಬಂತೆ ತಲೆಯಾಡಿಸಿದ.

ಭಾನುವಾರ ಬಸ್ಸಿಳಿದಾಗ ಅವನ ಹೊಟ್ಟೆ ನಗಾರಿಯಾಗಿತ್ತು, ಹುಳಿತೇಗು ಬರುತ್ತಿತ್ತು. ಆದರೂ ಎದೆಯುಬ್ಬಿಸಿ ಮುಂದೆ ನಡೆದ. ಸೂಪಿನ ಹೆಂಗಸು ಅವನನ್ನು ಕಂಡವಳೇ ಸೌಟು ಕೆಳಗಿಟ್ಟಳು.

"ಬಂದ್ಯಾ ಅಣ್ಣ? ನಿನ್ನೆ ಐದು ಬಟ್ಟಲು ಕುಡಿದೋನು ರಾತ್ರಿ ಮಲಗಿದ್ಯೋ ಇಲ್ವೋ ಅಂತ ಯೋಚ್ನೆ ಆಗಿತ್ತು." ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನೇನಮ್ಮಾ ಮನೆಯವಳು? ಬಾಯಿಲ್ಲದ ಮನುಷ್ಯ. ಎರಡು ತುತ್ತು ಅನ್ನ ಹಾಕಿದ್ರೆ ನಿನ್ನ ಗಂಟೇನು ಹೋಗತ್ತೆ?"

ಪಕ್ಕದ ಮೀನಿನವನು, "ನನ್ನ ಹತ್ರಾನೂ ಐದು ಪ್ಲೇಟು!" ಎಂದ. ಜೋಳದವನು ಬೀದಿಯಾಚೆಯಿಂದ ಸಾಕ್ಷಿ ಹೇಳಿದ. ಬಡಾವಣೆಯೇ ಹೆಂಡತಿಯನ್ನು ದುರುಗುಟ್ಟಿ ನೋಡಿತು.

"ತುರ್ತು ಕೆಲಸ," ಎಂದಳು ಅವಳು ಹಲ್ಲು ಕಚ್ಚಿ. "ಅದು ಪರೀಕ್ಷೆ ಕಣೇ, ಮರಳು ಮೂಟೆ ಇರತ್ತಲ್ಲ..." ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ದೊಡ್ಡ ಬಟ್ಟಲು ತರಿಸಿ, ಬೀದಿಗೆಲ್ಲ ಕೇಳುವಂತೆ, "ಕುಡೀರಿ! ನಾನೇ ಕುಡಿಸ್ತೀನಿ!" ಎಂದು ಚಮಚ ಎತ್ತಿದಳು.

ಮುಂದಿನದು ಹೇಳಲು ಕರುಳು ಚುರ್ ಎನ್ನುತ್ತದೆ. ಮಾನ ಉಳಿಸಿಕೊಳ್ಳಲು ಹೊರಟ ಹೆಂಗಸಿನ ಕೈಯಿಂದ ತಪ್ಪಿಸಿಕೊಂಡವರುಂಟೇ? ಐದೂ ಅಂಗಡಿಯ ಮುಂದೆ, ನಿಂತ ಜನರೆದುರು, ಅವಳು ತನ್ನ ಪಾಲನ್ನೂ ಸೇರಿಸಿ ಅವನಿಗೆ ಕೈಯಾರೆ ತಿನ್ನಿಸಿದಳು. "ಅಳಿಯಂದಿರು ಹಸಿದಿದಾರೆ, ಇನ್ನೊಂದು ಹಾಕು," ಎಂದು ಅತ್ತೆ ತಾಯಿಯ ಕರ್ತವ್ಯ ನೆರವೇರಿಸಿದರು. ಷಡ್ಡಕ, ಗುಮಾಸ್ತ ಈ ಸವಾರಿಗೆಂದು ಬರೆದಿದ್ದ ವೇಳಾಪಟ್ಟಿ ಹಿಡಿದು, "ಹನ್ನೆರಡು ನಿಮಿಷ ಲೇಟು ಮಾರಾಯ," ಎಂದು ಕೂಗುತ್ತಿದ್ದ. ಐಸ್‌ಕ್ರೀಮಿನ ಹೊತ್ತಿಗೆ ಜನ, "ಎಂಥಾ ಹೆಂಡತಿ ಪಡೆದಿದಾನಪ್ಪ!" ಎನ್ನತೊಡಗಿದ್ದರು. ಅವಳ ಮುಖ ಅರಳಿತು.

ವಾಪಸು ಬಸ್ಸಿನಲ್ಲಿ ಅವಳು ಅವನ ಪಕ್ಕವೇ ಕುಳಿತಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ, "ರೀ, ನಿಜ ಹೇಳ್ಲಾ? ಏರ್ಪಾಟು ಅಂದ್ರೆ ಇವತ್ತು ನಿಮ್ದೇ," ಎಂದಳು.

ಇಪ್ಪತ್ತು ವರ್ಷ ಕಾದ ಮಾತು! ಅದಕ್ಕೆ ಕೊಡಬೇಕಾದ ವಿನಯದ ಉತ್ತರವನ್ನೂ ಅವನು ಎಂದೋ ಉರು ಹೊಡೆದಿದ್ದ. ಆದರೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಸೂಪು ಬರುವ ಲಕ್ಷಣವಿತ್ತು. ತುಟಿ ಬಿಗಿಹಿಡಿದು, ಕಣ್ಣರಳಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದ.

ಅವಳು ಬಗ್ಗಿ ಅವನ ಮುಖ ನೋಡಿದಳು. ಆಮೇಲೆ ಹಿಂದಿನ ಸೀಟಿಗೆ ತಿರುಗಿ, "ನೋಡ್ದ್ಯಾ ಅಕ್ಕ, ಹೊಗಳಿದ್ರೂ ಮೂತಿ ಊದಿಸ್ಕೊಂಡು ಕೂತಿದಾರೆ! ಭಾವಾ, ಮುಂದಿನ ಭಾನುವಾರದ ಏರ್ಪಾಟು ನೀವೇ ನೋಡ್ಕೊಳ್ಳಿ," ಎಂದಳು.